ಅಳಿಸಿದ ದನಿ, ಉಳಿದ ದನಿ



ಈಗ ನನ್ನ ಮುಂದೆ ಒಂದು ಮೈಕು ಇದೆ. ನಾನು ಪಿಸುಗುಟ್ಟಿದರೂ ಅದಕ್ಕೆ ಕೇಳಿಸುತ್ತದೆ. ಕೆಮ್ಮಿದರೆ ಆ ಕೆಮ್ಮನ್ನು ಕತ್ತರಿಸಿ ತೆಗೆಯಬಹುದು. ಮಾತು ತಪ್ಪಿದರೆ ಮತ್ತೊಮ್ಮೆ ಹೇಳಬಹುದು. ಇಂಥ ಸೌಕರ್ಯವಾವುದೂ ಇಲ್ಲದ ಕಾಲವೊಂದಿತ್ತು. ಆ ಕಾಲದ ಒಂದು ಯಂತ್ರವನ್ನೂ, ನನ್ನ ಕೈಯಿಂದಲೇ ಆದ ಒಂದು ತಪ್ಪನ್ನೂ ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಧ್ವನಿಮುದ್ರಕ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ತಮ್ಮ ಸಲಕರಣೆಗಳನ್ನು ಹೂಡಿದರು. ಅವು ಬಹು ಸರಳವಾದವು. ಒಂದು ದೊಡ್ಡ ಕಹಳೆ. ಅದರ ಕಿರಿಯ ತುದಿಯಲ್ಲಿ ಒಂದು ತೆಳುವಾದ ಪೊರೆ. ಪೊರೆಗೆ ಅಂಟಿದ ಮೊನೆ. ಮೊನೆಯ ಕೆಳಗೆ ತಿರುಗುವ ಮೇಣದ ತಟ್ಟೆ. ದನಿಯನ್ನು ದೊಡ್ಡದು ಮಾಡಲು ವಿದ್ಯುತ್ತಿನ ನೆರವಿಲ್ಲ. ಹಾಡುವವರು ಕಹಳೆಯ ಬಾಯೊಳಗೆ ಹಾಡಿದರೆ ಗಾಳಿ ಅಲುಗಿ ಪೊರೆ ನಡುಗಬೇಕು. ಪೊರೆ ನಡುಗಿ ಮೊನೆ ಮೇಣವನ್ನು ಕೊರೆಯಬೇಕು. ಎಂದರೆ, ಕೊರೆಯುವ ಶಕ್ತಿಯೆಲ್ಲ ಗಾಯಕರ ಉಸಿರಿನದೇ.

ಆದುದರಿಂದ ಆ ಯಂತ್ರ ಕಲಾವಿದರಿಂದ ಕಠಿಣವಾದ ಶಿಸ್ತನ್ನು ಬೇಡುತ್ತಿತ್ತು. ಮಂದ್ರದಲ್ಲಿ ಹಾಡುವಾಗ ಮುಖವನ್ನು ಕಹಳೆಗೆ ಒಡ್ಡಬೇಕು. ತಾರಕ್ಕೇರಿದಾಗ ಹಿಂದೆ ಸರಿಯಬೇಕು, ಇಲ್ಲವಾದರೆ ಮೊನೆ ಜಿಗಿದು ತಟ್ಟೆ ಕೆಡುತ್ತಿತ್ತು. ಸುಮಾರು 250ರಿಂದ 2500 ಹರ್ಟ್ಸ್‌ಗಳ ನಡುವಣ ಸ್ವರಗಳನ್ನು ಮಾತ್ರ ಅದು ಚೆನ್ನಾಗಿ ಹಿಡಿಯಬಲ್ಲದಾಗಿತ್ತು. ಹತ್ತು ಅಂಗುಲದ ತಟ್ಟೆಯಲ್ಲಿ ಸಿಕ್ಕುತ್ತಿದ್ದ ಕಾಲ ಮೂರು ನಿಮಿಷದಷ್ಟು. ಮೇಣದ ಮೇಲೆ ಒಮ್ಮೆ ಬಿದ್ದ ಗೀರನ್ನು ತಿದ್ದುವಂತಿರಲಿಲ್ಲ. ತಪ್ಪಿದರೆ ಬೇರೆ ತಟ್ಟೆ, ಮತ್ತೆ ಮೊದಲಿನಿಂದ ಹಾಡು.

ಆ ಕಹಳೆಯ ಮುಂದೆ ಧೈರ್ಯವಾಗಿ ನಿಂತವರಲ್ಲಿ ಗೌಹರ್ ಜಾನ್ ಪ್ರಮುಖರು. ಗಂಟೆಗಟ್ಟಲೆ ಬೆಳೆಸಬಹುದಾದ ರಾಗವನ್ನು ಮೂರು ನಿಮಿಷಕ್ಕೆ ಅಡಕಮಾಡಿ, ಹಾಡು ಮುಗಿದೊಡನೆ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ತಾವೇ ಸಾರಿಬಿಡುತ್ತಿದ್ದರು. ಮೇಣದ ತಟ್ಟೆಗಳು ಹಡಗೇರಿ ಜರ್ಮನಿಯ ಹ್ಯಾನೋವರಿಗೆ ಹೋಗಬೇಕು. ಅಲ್ಲಿ ತಾಮ್ರದ ಅಚ್ಚು ತೆಗೆದು ಅರಗಿನ ತಟ್ಟೆಗಳನ್ನು ಒತ್ತಬೇಕು. ಆ ದೂರದೇಶದ ಕೆಲಸಗಾರರಿಗೆ ಇದು ಯಾರ ಹಾಡೆಂದು ತಿಳಿಯಲು ಆ ಘೋಷಣೆ ನೆರವಾಗುತ್ತಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು 1928ರಲ್ಲಿ ಅವರನ್ನು ಆಸ್ಥಾನಕ್ಕೆ ಕರೆಸಿಕೊಂಡರು. 1930ರ ಜನವರಿಯಲ್ಲಿ ಅವರು ನಮ್ಮ ಮೈಸೂರಿನಲ್ಲಿಯೇ ತೀರಿಕೊಂಡರು. ಆದರೆ 1902ರ ಆ ದನಿ ಇಂದಿಗೂ ಕೇಳಸಿಗುತ್ತದೆ. ಕರಕರ ಸದ್ದಿನ ನಡುವೆ, ತೆರೆಯ ಹಿಂದಿನಿಂದ ಬಂದಂತೆ. ಆದರೂ ಅದು ಅವರದೇ ದನಿ.

1925ರಲ್ಲಿ ಮೈಕು, ವಿದ್ಯುತ್ತು ಬಂದು ಕಹಳೆಯನ್ನು ಮೂಲೆಗೊತ್ತಿದವು. 1935ರಲ್ಲಿ ಬರ್ಲಿನ್ನಿನ ರೇಡಿಯೋ ಪ್ರದರ್ಶನದಲ್ಲಿ ಮ್ಯಾಗ್ನೆಟೋಫೋನ್ ಎಂಬ ಟೇಪಿನ ಯಂತ್ರ ಕಾಣಿಸಿಕೊಂಡಿತು. ಕಬ್ಬಿಣದ ಆಕ್ಸೈಡಿನ ಪುಡಿ ಲೇಪಿಸಿದ ಪಟ್ಟಿಯ ಮೇಲೆ ದನಿ ಅಯಸ್ಕಾಂತದ ಗುರುತಾಗಿ ಕೂರುತ್ತದೆ. ಬೇಕಾದಷ್ಟು ಹೊತ್ತು ಮುದ್ರಿಸಬಹುದು, ಬೇಡವಾದರೆ ಅಳಿಸಬಹುದು, ಅದೇ ಪಟ್ಟಿಯ ಮೇಲೆ ಮತ್ತೆ ಮುದ್ರಿಸಬಹುದು. ನಮ್ಮ ಕಾಲದ ವರವೂ ಅದೇ, ಶಾಪವೂ ಅದೇ.

1978ರಲ್ಲಿ ನಾನೊಂದು ಧ್ವನಿಮುದ್ರಣ ಕೊಠಡಿಯಲ್ಲಿ ಸಹಾಯಕನಾಗಿದ್ದೆ. ಹಳ್ಳಿಯ ಮುದುಕಿಯೊಬ್ಬಳು ಬೀಸುವ ಪದ ಹಾಡಲು ಬಂದಿದ್ದಳು. ಮೈಕಿನ ಮುಂದೆ ಕುಳ್ಳಿರಿಸಿದರೆ ಅವಳ ಬಾಯಿಂದ ಪದವೇ ಹೊರಡಲಿಲ್ಲ. ಕೊನೆಗೆ ನಾನು ಪಕ್ಕದ ಮನೆಯಿಂದ ರಾಗಿಕಲ್ಲನ್ನು ಹೊತ್ತು ತಂದೆ. ಬರಿಯ ಕಲ್ಲನ್ನು ತಿರುಗಿಸುತ್ತ ಅವಳು ಇಪ್ಪತ್ತು ನಿಮಿಷ ಹಾಡಿದಳು. ಕಲ್ಲಿನ ಗರಗರವೂ ಅವಳ ದನಿಯೂ ಒಂದರೊಳಗೊಂದು ಬೆರೆತು ಟೇಪಿನಲ್ಲಿ ಕುಳಿತವು.

ಟೇಪು ದುಬಾರಿ, ಕೊಠಡಿಯಲ್ಲಿ ಸದಾ ಕೊರತೆ. ವರ್ಷ ಕಳೆದ ಮೇಲೆ, ಅಳಿಸಬೇಕಾದ ಸುರುಳಿಗಳ ಪಟ್ಟಿಯೊಂದು ನನ್ನ ಕೈಗೆ ಬಂತು. ಅದರಲ್ಲಿ ಅವಳ ಸುರುಳಿಯೂ ಇತ್ತು. ಒಂದು ಮಾತು ಕೇಳಿದ್ದರೆ ಅದನ್ನು ಉಳಿಸಬಹುದಾಗಿತ್ತೇನೋ. ನಾನು ಕೇಳಲಿಲ್ಲ. ಅಳಿಸುವ ಯಂತ್ರದ ಮೇಲಿಟ್ಟು ಗುಂಡಿ ಒತ್ತಿದೆ. ಅರ್ಧ ನಿಮಿಷದ ಕೆಲಸ.

ತಿಂಗಳೊಪ್ಪತ್ತಿನಲ್ಲಿ ಅವಳ ಮಗಳು ಬಂದಳು. “ಅವ್ವ ತೀರ್ಕೊಂಡ್ಲು ಸ್ವಾಮಿ. ಅವಳ ಪದಾನ ಒಂದ್ಸಲ ಕೇಳುಸ್ತೀರಾ?” ಎಂದಳು. ಸುರುಳಿ ಕೆಟ್ಟುಹೋಗಿದೆ ಎಂದು ಸುಳ್ಳು ಹೇಳಿದೆ. ಅವಳು ಸ್ವಲ್ಪ ಹೊತ್ತು ನಿಂತಿದ್ದು, “ಆಗ್ಲಿ ಬುಡಿ” ಎಂದು ಹೊರಟುಹೋದಳು.

ಅಂದಿನಿಂದ ನನಗೊಂದು ಮಾತು ಮನವರಿಕೆಯಾಗಿದೆ. ಮೇಣದ ಯಂತ್ರ ಒರಟಾಗಿತ್ತು. ಅದರೊಡನೆ ದುಡಿದವರು ಜಾಗರೂಕರಾಗಿದ್ದರು. ನಮ್ಮ ಯಂತ್ರ ಸೂಕ್ಷ್ಮವಾಯಿತು, ನಾವು ಉಡಾಫೆಯವರಾದೆವು. ಇಂದು ಅಂಗೈಯಗಲದ ಫೋನಿನಲ್ಲಿ ದನಿಯನ್ನು ಹಿಡಿಯುತ್ತೇವೆ. ಜಾಗ ಸಾಲದೆಂದು ಅಷ್ಟೇ ಸುಲಭವಾಗಿ ಅಳಿಸುತ್ತೇವೆ.

ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಟೇಪಿನ ಸುರುಳಿಯಿದ್ದರೆ ದಯವಿಟ್ಟು ಎಸೆಯಬೇಡಿ. ಬಿಸಿಲು, ತೇವ, ಅಯಸ್ಕಾಂತಗಳಿಂದ ದೂರವಿಡಿ; ಬಲ್ಲವರಿಂದ ಪ್ರತಿ ಮಾಡಿಸಿ, ಒಂದಲ್ಲ, ಎರಡು. ಗೌಹರ್ ಜಾನರ ಹಾಡು ಉಳಿದದ್ದು ಅದರ ಪ್ರತಿಗಳು ಹಲವು ಮನೆಗಳನ್ನು ಸೇರಿದ್ದರಿಂದ. ಆ ಮುದುಕಿಯ ಪದಕ್ಕೆ ಇದ್ದದ್ದು ಒಂದೇ ಸುರುಳಿ.

ಆ ಪದದ ಧಾಟಿ ನನಗೆ ಇನ್ನೂ ನೆನಪಿದೆ. ಕಲ್ಲಿನ ಸದ್ದೂ ನೆನಪಿದೆ. ಅವಳ ದನಿ ಮಾತ್ರ, ಎಷ್ಟು ಕಣ್ಣುಮುಚ್ಚಿ ಕುಳಿತರೂ, ನೆನಪಿಗೆ ಬರುವುದಿಲ್ಲ.