ಸೆರಗಿನ ಕುಣಿಕೆ, ಕಿಣ್ವದ ಲೇಪ

ಜೋಳದ ರೊಟ್ಟಿಯ ಒಂದು ತುತ್ತನ್ನು ಪಲ್ಯವಿಲ್ಲದೆ ಅಗಿಯುತ್ತಲೇ ಇರಿ. ತುಸು ಹೊತ್ತಿಗೆ ಬಾಯಿ ಸಣ್ಣಗೆ ಸಿಹಿಯಾಗುತ್ತದೆ. ಜೊಲ್ಲಿನ ಅಮೈಲೇಸ್ ಎಂಬ ಕಿಣ್ವ ಹಿಟ್ಟಿನ ಪಿಷ್ಟವನ್ನು ಒಡೆದು ಸಕ್ಕರೆ ಮಾಡಿದ ಗುರುತು ಅದು. ಹಾಸಿನ ನೂಲಿಗೆ ಹಾಕಿದ ಗಂಜಿ ಬಿಡಿಸಲು ಬಟ್ಟೆ ಗಿರಣಿಗಳು ಬಳಸುವುದೂ ಇದೇ ಜಾತಿಯ ಕಿಣ್ವವನ್ನು.

ಎಷ್ಟು ದುಡಿದರೂ ಕಿಣ್ವ ಖರ್ಚಾಗುವುದಿಲ್ಲ. ಆದರೆ ನೀರಿನೊಡನೆ ತೊಳೆದುಹೋಗುತ್ತದೆ. ಅದನ್ನು ಒಂದೆಡೆ ಕಟ್ಟಿಹಾಕಿ ದುಡಿಸಬಹುದೇ? 1916ರಲ್ಲಿ ನೆಲ್ಸನ್ ಮತ್ತು ಗ್ರಿಫಿನ್ ಎಂಬ ವಿಜ್ಞಾನಿಗಳು ಇದಕ್ಕೆ ಸುಳಿವು ಕೊಟ್ಟರು. ಇದ್ದಿಲಿಗೆ ಅಂಟಿಕೊಂಡ ಇನ್ವರ್ಟೇಸ್ ಕಿಣ್ವ ಅಲ್ಲಿಂದಲೇ ಸಕ್ಕರೆಯನ್ನು ಒಡೆಯುತ್ತಿತ್ತು.

ಕಟ್ಟುವುದರಲ್ಲೇ ಇದೆ ಕುಶಲತೆ. ಇಳಕಲ್ಲಿನ ನೇಕಾರರಿಗೆ ಇದು ಗೊತ್ತು. ಸೀರೆಯ ಮೈ ಹತ್ತಿ, ಸೆರಗು ರೇಷ್ಮೆ. ಎರಡರ ಹಾಸನ್ನೂ ಅವರು ಕುಣಿಕೆಗೆ ಕುಣಿಕೆ ಹಾಕಿ ಕೂಡಿಸುತ್ತಾರೆ. ಸಡಿಲಾದರೆ ಸೆರಗು ಬಿಡುತ್ತದೆ, ಬಿಗಿಯಾದರೆ ನೂಲು ಹರಿಯುತ್ತದೆ.

ಕಿಣ್ವದ ಕತೆಯೂ ಹೀಗೇ. ಅದು ಮಡಿಚಿಕೊಂಡ ಪ್ರೋಟೀನು; ಕೆಲಸ ನಡೆಯುವುದು ಅದರ ಮೈಮೇಲಿನ ಒಂದು ಸಣ್ಣ ಕುಳಿಯಲ್ಲಿ. ಬರೀ ಅಂಟಿಸಿದರೆ ಕಳಚಿಹೋಗಬಹುದು. ರಾಸಾಯನಿಕವಾಗಿ ಬಿಗಿದರೆ ನಿಲ್ಲುತ್ತದೆ, ಆದರೆ ಗಂಟು ಕುಳಿಯ ಬಾಯಿಗೇ ಬಿದ್ದರೆ ಕೆಲಸ ಕೆಟ್ಟಿತು. ಆದ್ದರಿಂದ ನಡುವೆ ಒಂದು ಉದ್ದನೆಯ ಅಣುವನ್ನಿಟ್ಟು, ಕಣ್ಣಿ ಹಾಕಿದ ಎತ್ತಿನಂತೆ, ಕಿಣ್ವಕ್ಕೆ ಅಲುಗಾಡಲು ಜಾಗ ಬಿಡುತ್ತಾರೆ. ಇಲ್ಲವೇ ಜಾಲದಂಥ ಮೆದು ಲೇಪದಲ್ಲಿ ಸಿಕ್ಕಿಸುತ್ತಾರೆ. ಸಣ್ಣ ಅಣುಗಳು ಒಳಹೊರಗೆ ಓಡಾಡುತ್ತವೆ, ದೊಡ್ಡ ಕಿಣ್ವ ಒಳಗೇ ಉಳಿಯುತ್ತದೆ.

ಬಾದಾಮಿಯಲ್ಲಾಗಲಿ ಹುನಗುಂದದಲ್ಲಾಗಲಿ, ಸಕ್ಕರೆ ಬೇನೆಯವರ ಮನೆಗೆ ಈ ವಿದ್ಯೆ ಆಗಲೇ ಬಂದಿದೆ. 1962ರಲ್ಲಿ ಕ್ಲಾರ್ಕ್ ಮತ್ತು ಲಯನ್ಸ್ ಎಂಬ ವಿಜ್ಞಾನಿಗಳು ಎಲೆಕ್ಟ್ರೋಡಿನ ಬಳಿ ಕಿಣ್ವವನ್ನಿಟ್ಟು ಗ್ಲೂಕೋಸ್ ಅಳೆಯುವ ದಾರಿ ತೋರಿಸಿದರು. ರಕ್ತದ ಸಕ್ಕರೆ ಅಳೆಯುವ ಇಂದಿನ ಸ್ಟ್ರಿಪ್ಪಿನ ತುದಿಯಲ್ಲಿ ಒಣಗಿಸಿದ ಕಿಣ್ವವಿದೆ. ರಕ್ತದ ಹನಿ ತಾಗಿದೊಡನೆ ಅದು ಗ್ಲೂಕೋಸಿನಿಂದ ಎಲೆಕ್ಟ್ರಾನುಗಳನ್ನು ಕಸಿದು ಪಕ್ಕದ ರಾಸಾಯನಿಕದ ಕೈಗಿಡುತ್ತದೆ, ಅದು ಎಲೆಕ್ಟ್ರೋಡಿಗೆ ಮುಟ್ಟಿಸುತ್ತದೆ. ಆ ಪುಟ್ಟ ವಿದ್ಯುತ್ತೇ ಯಂತ್ರ ತೋರಿಸುವ ಅಂಕಿ. ಸ್ಟ್ರಿಪ್ಪು ಒಂದೇ ಸಲಕ್ಕೆ ಮುಗಿಯಿತು. ತೋಳಿಗೆ ಅಂಟಿಸಿಕೊಳ್ಳುವ ಸಂವೇದಕಗಳಲ್ಲಿ ಕೆಲವು 14 ದಿನ ದುಡಿಯುತ್ತವೆ; ಅಲ್ಲಿ ಕಿಣ್ವವನ್ನು ಭದ್ರವಾಗಿ ಕಟ್ಟಲೇಬೇಕು.

ಕಟ್ಟಿದರೂ ಕಿಣ್ವ ನಾಜೂಕಿನದೇ. ಬಾಗಲಕೋಟೆಯ ಬೇಸಿಗೆಯ ಬಿಸಿಲಿಗೂ ಮಳೆಗಾಲದ ತೇವಕ್ಕೂ ಅದು ಸೋಲುತ್ತದೆ. ಆದ್ದರಿಂದ ಸ್ಟ್ರಿಪ್ಪಿನ ಡಬ್ಬಿಯನ್ನು ಕಿಟಕಿಯಲ್ಲಿಡಬೇಡಿ. ಒಂದನ್ನು ತೆಗೆದ ಕೂಡಲೇ ಮುಚ್ಚಳ ಹಾಕಿ. ಸೀರೆಯನ್ನು ನೆರಳಲ್ಲಿ ಒಣಗಿಸುವ ನಮ್ಮ ಅವ್ವಂದಿರಿಗೆ ಇದನ್ನು ಎರಡು ಸಲ ಹೇಳಬೇಕಿಲ್ಲ.