ಮಕ್ಕಳ ಕೈಗೆ ಮಣ್ಣು, ಬಾಯಿಗೆ ಕನ್ನಡ

(ಸಟಾಣಾದ ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಆಡಿದ ಮಾತು)



ನಾವು ಮಿಲ್ಲಿನಲ್ಲಿ ಲೆಕ್ಕದ ಪುಸ್ತಕ ಬರೆಯುವವರು, ಮೆಟ್ರಿಕ್‌ವರೆಗೆ ಓದಿದವರು. ವಿದ್ವಾಂಸರು ಮಾತನಾಡುವ ಈ ಜಾಗದಲ್ಲಿ ನಿಂತು ಹೇಳಲು ನಮ್ಮ ಬಳಿ ದೊಡ್ಡ ವಿಷಯವಿಲ್ಲ. ಆದರೆ ಸಂಜೆ ವಾಚನಾಲಯದ ಬಾಗಿಲು ತೆಗೆದು, ಪತ್ರಿಕೆ ಜೋಡಿಸಿ, ಬಂದವರೊಡನೆ ನಾಲ್ಕು ಮಾತಾಡುವ ಕೆಲಸ ನಮ್ಮ ಪಾಲಿಗೆ ಬಂದಿದೆ. ಆ ಮಾತುಗಳಲ್ಲಿ ಬೆಲೆ, ಪಗಾರ, ರಜೆ ಇವುಗಳ ಬಳಿಕ ಬರುವ ಚಿಂತೆ ಒಂದೇ: ಮಕ್ಕಳು. ಆದುದರಿಂದ ಇಂದು ಮಕ್ಕಳನ್ನೂ ಮನೆಯಲ್ಲೇ ಮಾಡಬಹುದಾದ ಸಣ್ಣಪುಟ್ಟ ಕೈಕೆಲಸಗಳನ್ನೂ ಕುರಿತು ಹೇಳುತ್ತೇವೆ.

ಮೊದಲು ನಮ್ಮ ಮನೆಗಳ ಸ್ಥಿತಿ ನೋಡೋಣ. ನಾವು ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವರು. ಒಂದೂವರೆ ಕೋಣೆಯ ಬಾಡಿಗೆ ಮನೆ. ತಂದೆಗೆ ಒಂದು ವಾರ ಹಗಲುಪಾಳಿ, ಒಂದು ವಾರ ರಾತ್ರಿಪಾಳಿ. ರಾತ್ರಿಪಾಳಿಯ ವಾರದಲ್ಲಿ ಮಗು ಶಾಲೆಗೆ ಹೊರಡುವಾಗ ತಂದೆ ಆಗತಾನೆ ಬಂದು ಮಲಗಿರುತ್ತಾನೆ. ಮಗು ಆಡಿ ಮನೆಗೆ ಬರುವಾಗ ತಂದೆ ಡಬ್ಬಿ ಕಟ್ಟಿಕೊಂಡು ಹೊರಟಿರುತ್ತಾನೆ. ಅಂಥ ಮಗುವಿಗೆ ಅಪ್ಪ ಎಂದರೆ ಮುಸುಕೆಳೆದು ಮಲಗಿದ ಒಬ್ಬ ಮನುಷ್ಯ, ಮತ್ತು ‘ಗದ್ದಲ ಮಾಡಬ್ಯಾಡ, ಅಪ್ಪ ಎದ್ದಾರು’ ಎಂಬ ಅವ್ವನ ಗದರಿಕೆ. ಈ ಕೊರತೆ ತಂದೆಗೆ ತಿಳಿಯದೆ ಇಲ್ಲ. ಅದಕ್ಕಾಗಿಯೇ ಪಗಾರದ ದಿನ ಬಣ್ಣದ ಪ್ಲಾಸ್ಟಿಕ್ ಮೋಟಾರು ಬರುತ್ತದೆ. ದೇವಮಾಮಲೇದಾರರ ಜಾತ್ರೆಯಲ್ಲಿ ಕಿರುಗುಡುವ ಗೊಂಬೆ ಬರುತ್ತದೆ. ಮೂರನೆಯ ದಿನ ಅದು ಮುರಿಯುತ್ತದೆ. ಆಮೇಲೆ ಮಗುವಿನ ಕೈಗೆ ಮೊಬೈಲು.

ಇನ್ನು ಮಾತಿನ ಗತಿ. ಶಾಲೆಯಲ್ಲಿ ಮರಾಠಿ, ಓಣಿಯಲ್ಲಿ ಅಹಿರಾಣಿ, ಮೊಬೈಲಿನಲ್ಲಿ ಹಿಂದಿ. ಕನ್ನಡಕ್ಕೆ ಉಳಿದುದೇನು? ‘ಏಳು, ಉಣ್ಣು, ಸುಮ್ಮನಿರು, ಮಲಗು’ ಎಂಬ ನಾಲ್ಕು ಅಪ್ಪಣೆಯ ಮಾತು. ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ನೂರು ಪ್ರಶ್ನೆ ಕೇಳುತ್ತಾಳೆ. ಹುಡುಗ ಮರಾಠಿಯಲ್ಲಿ ಎರಡು ಮಾತು ಹೇಳಿ ಇಳಿದು ಓಡುತ್ತಾನೆ. ಅಜ್ಜಿ ಮಗನ ಮುಖ ನೋಡುತ್ತಾಳೆ. ಆ ನೋಟಕ್ಕೆ ಉತ್ತರ ಕೊಡುವುದು ನಮ್ಮಲ್ಲಿ ಯಾರಿಗೂ ಸುಲಭವಲ್ಲ.

ಮಕ್ಕಳು ಮರಾಠಿಯನ್ನು ಚೆನ್ನಾಗಿ ಕಲಿಯಲಿ. ಅದು ಅನ್ನ ಕೊಟ್ಟ ನೆಲದ ಮಾತು, ನೆರೆಯವರ ಮಾತು. ಅದರ ಮೇಲೆ ನಮ್ಮ ದೂರಿಲ್ಲ. ನಾವು ಹೇಳುವುದಿಷ್ಟೆ: ಬರೀ ಅಪ್ಪಣೆಯ ಭಾಷೆಯನ್ನು ಯಾವ ಮಗುವೂ ಪ್ರೀತಿಸುವುದಿಲ್ಲ. ಕೂಡಿ ಮಾಡುವ ಕೆಲಸದ ಭಾಷೆಯನ್ನು ಮಾತ್ರ ಯಾರೂ ಹೇಳದೆಯೇ ಕಲಿಯುತ್ತದೆ. ಕೈ ಕೆಸರಾದರೆ ಬಾಯಿ ಮೊಸರು ಎಂದು ಹಿರಿಯರು ಹೇಳಿದರು. ಪರಸ್ಥಳದಲ್ಲಿರುವ ನಮಗೆ ಆ ಗಾದೆಯ ಅರ್ಥ ಇನ್ನೂ ಒಂದು: ಮಗುವಿನ ಕೈ ಕೆಸರಾದರೆ ಬಾಯಿಗೆ ಕನ್ನಡ ಬರುತ್ತದೆ.

ಎತ್ತುಗಳಿಂದಲೇ ಪ್ರಾರಂಭಿಸೋಣ. ವಿಜಯಪುರ, ಬೆಳಗಾವಿ, ಧಾರವಾಡದ ಕಡೆಯಿಂದ ಬಂದವರಿಗೆ ಮಣ್ಣೆತ್ತಿನ ಅಮಾವಾಸ್ಯೆಯನ್ನು ಪರಿಚಯಿಸಬೇಕಾಗಿಲ್ಲ. ಕಾರಹುಣ್ಣಿಮೆ ಆಗಿ ಹದಿನೈದು ದಿನಕ್ಕೆ, ಜ್ಯೇಷ್ಠ ಮಾಸದ ಕೊನೆಗೆ, ಮನೆಮನೆಯಲ್ಲಿ ಮಣ್ಣಿನ ಜೋಡೆತ್ತು ಮಾಡಿ, ಮುಂದೆ ಗೋದಲಿ ಇಟ್ಟು ಪೂಜಿಸುತ್ತಾರೆ. ಸಟಾಣಾದ ಕಡೆ ಎತ್ತಿನ ಹಬ್ಬ ಪೋಳಾ. ಅದು ಶ್ರಾವಣದ ಅಮಾವಾಸ್ಯೆಗೆ. ಅಂದು ರೈತರು ಎತ್ತು ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಝೂಲು ಹೊದಿಸಿ ಮೆರೆಸುತ್ತಾರೆ. ಮನೆಯಲ್ಲಿ ಎತ್ತಿಲ್ಲದವರು ಮಣ್ಣಿನ ಎತ್ತನ್ನು ಪೂಜಿಸುತ್ತಾರೆ. ಅವರ ಪುರಣಪೋಳಿ, ನಮ್ಮ ಹೋಳಿಗೆ ಎರಡೂ ಒಂದೇ. ಎರಡು ಹಬ್ಬಗಳ ನಡುವೆ ಅಂತರ ಎರಡೇ ತಿಂಗಳು. ಊರಿನಲ್ಲೇ ಇದ್ದ ಮಗುವಿಗೆ ವರ್ಷಕ್ಕೆ ಮಣ್ಣೆತ್ತು ಒಂದು ಸಲ. ಊರು ಬಿಟ್ಟ ನಮ್ಮ ಮಗುವಿಗೆ ಎರಡು ಸಲ! ಬಡತನದಲ್ಲಿಯೂ ನಮಗೆ ದೊರೆತಿರುವ ಈ ಲಾಭವನ್ನು ನಾವೇಕೆ ಬಿಡಬೇಕು?

ಮಣ್ಣಿಗೆ ಕಾಸು ಬೇಡ. ನಮ್ಮೂರ ಹೊಲದಂತೆಯೇ ಈ ಸೀಮೆಯಲ್ಲಿಯೂ ಎರೆಮಣ್ಣು ಇದೆ. ಆದರೆ ಬರೀ ಎರೆಮಣ್ಣು ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ. ಎತ್ತಿನ ಕಾಲು ಕಳಚಿ ಮಗು ಅಳುತ್ತದೆ. ಅದಕ್ಕೆ ಹೀಗೆ ಮಾಡಿರಿ. ಮಣ್ಣನ್ನು ಕುಟ್ಟಿ, ಹಳೆಯ ಅರಿವೆಯಲ್ಲಿ ಜರಡಿ ಹಿಡಿದು, ರಾತ್ರಿಯಿಡೀ ನೆನೆಯಿಡಿರಿ. ಬೆಳಿಗ್ಗೆ ನಾಲ್ಕು ಪಾಲು ಮಣ್ಣಿಗೆ ಒಂದು ಪಾಲು ಸಣ್ಣ ಉಸುಕು, ಒಂದು ಚಿಟಿಕೆ ಹರಿದ ಹತ್ತಿ ಸೇರಿಸಿ ಚಪಾತಿಯ ಹಿಟ್ಟಿನಂತೆ ನಾದಿರಿ. ಉಸುಕು ಕುಗ್ಗುವುದನ್ನು ಕಡಿಮೆ ಮಾಡುತ್ತದೆ. ಹತ್ತಿಯ ಎಳೆ ಬಿರುಕನ್ನು ಹಿಡಿದು ನಿಲ್ಲಿಸುತ್ತದೆ. ಕಾಲುಗಳು ಮೋಟಾಗಿ, ದಪ್ಪಗಿರಲಿ. ನೆರಳಿನಲ್ಲಿ ಮೂರು ನಾಲ್ಕು ದಿನ ಒಣಗಲಿ. ಬಿಸಿಲಿಗೆ ಇಟ್ಟರೆ ಮೇಲ್ಭಾಗ ಬೇಗ ಒಣಗಿ, ಒಳಗು ಹಸಿಯಾಗಿ ಉಳಿದು ಸೀಳುತ್ತದೆ. ಬಳಿಕ ಸುಣ್ಣ, ಅರಿಸಿನ, ಕುಂಕುಮ ಇವೇ ಬಣ್ಣ. ಊರಿನಲ್ಲಿ ಕಣ್ಣಿಗೆ ಗುಲಗಂಜಿ ಇಡುವುದುಂಟು. ಆದರೆ ಗುಲಗಂಜಿ ಜಗಿದರೆ ವಿಷ. ಸಣ್ಣ ಮಕ್ಕಳಿರುವ ಮನೆಯಲ್ಲಿ ಅದು ಕೂಡದು. ಜೋಳದ ಕಾಳು, ಕುಸುಬಿ ಕಾಳು ಸಾಕು.

ಈಗ ಮಾತಿನ ಕಡೆ ಬನ್ನಿ. ಎತ್ತು ಮಾಡುವಾಗ ಮಗು ಕೇಳುತ್ತದೆ: ಇದೇನು, ಅದೇನು? ಇದು ಕೊಂಬು, ಇದು ಹೆಗಲ ಮೇಲಿನ ಹಿಣಿಲು, ಇದು ಕೊರಳ ಕೆಳಗೆ ಜೋಲುವ ಗಂಗೆದೊಗಲು, ಇದು ಗೊರಸು, ಇದು ಮೂಗುದಾರ, ಇದು ನೊಗ. ಅರ್ಧ ಗಂಟೆಯಲ್ಲಿ ಎಷ್ಟು ಮಾತು! ಪಟ್ಟಿ ಬರೆದು ಬಾಯಿಪಾಠ ಮಾಡಿಸಿದರೆ ಇವು ಮರುದಿನ ಮರೆತು ಹೋಗುತ್ತವೆ. ತನ್ನ ಕೈಯಿಂದ ಹಿಣಿಲನ್ನು ಅಂಟಿಸಿದ ಮಗು ಆ ಮಾತನ್ನು ಮರೆಯುವುದಿಲ್ಲ. ಎರಡು ತಿಂಗಳ ಮೇಲೆ ಪೋಳಾ ಬಂದಾಗ ಓಣಿಯ ಗೆಳೆಯರೊಡನೆ ಅದೇ ಎತ್ತನ್ನು ಮರಾಠಿಯಲ್ಲಿ ಮಾಡುತ್ತದೆ. ಆಗ ಅದಕ್ಕೆ ತಿಳಿಯುತ್ತದೆ, ಎತ್ತು ಒಂದೇ, ಹೆಸರು ಎರಡು; ತನಗೆ ಎರಡೂ ಗೊತ್ತು ಎಂದು. ಕನ್ನಡ ಬಲ್ಲುದು ನಾಚಿಕೆಯ ಸಂಗತಿಯಲ್ಲ, ಹೆಚ್ಚಿನ ಆಸ್ತಿ ಎಂದು ಮಗುವಿಗೆ ತಿಳಿಸಲು ಇದಕ್ಕಿಂತ ಬೇರೆ ಪಾಠ ಬೇಕೆ?

ಅಕ್ಕತಂಗಿಯರ ಕೈಯಲ್ಲಿ ಇನ್ನೊಂದು ವಿದ್ಯೆ ಉಂಟು: ಕೌದಿ. ಇಲ್ಲಿಯವರು ಅದನ್ನು ಗೋಧಡಿ ಎನ್ನುತ್ತಾರೆ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ಒಳಗೆ ಸಾಲುಹೊಲಿಗೆ ಹಾಕುತ್ತ ಹೋಗುವ ಕೆಲಸ. ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕವಂದಿ ಇಂದು ದೂರದೂರದವರೆಗೆ ಹೆಸರಾಗಿದೆ. ಅವರು ನಾಲ್ಕು ಮೂಲೆಗೂ ಬಟ್ಟೆ ಮಡಿಸಿ ಹೂವಿನಂತೆ ಹೊಲಿಯದೆ ಅದನ್ನು ಪೂರ್ಣವಾಯಿತೆಂದು ಬಗೆಯುವುದಿಲ್ಲ. ತಾಯಿ ಕೌದಿ ಹೊಲಿಯುವಾಗ ಮಗುವಿಗೆ ಸೂಜಿಗೆ ದಾರ ಪೋಣಿಸುವ ಕೆಲಸ ಕೊಡಿರಿ. ತುಂಡು ಆರಿಸುವ ಅಧಿಕಾರ ಕೊಡಿರಿ. ‘ಇದು ಅಜ್ಜಿಯ ಇಳಕಲ್ಲ ಸೀರೆ, ಇದು ನಿನ್ನ ತೊಟ್ಟಿಲಿಗೆ ಕಟ್ಟಿದ ಅರಿವೆ, ಇದು ಅಪ್ಪ ಮೊದಲ ದಿನ ಕೆಲಸಕ್ಕೆ ಹೋದಾಗಿನ ಅಂಗಿ’ ಎಂದು ಹೇಳುತ್ತ ಹೋದರೆ ಮನೆತನದ ಕಥೆಯೆಲ್ಲ ಆ ಕೌದಿಯಲ್ಲಿ ಸೇರುತ್ತದೆ. ಉಳಿದ ಚೂರುಗಳಿಂದ ಬಟ್ಟೆಯ ಗೊಂಬೆ ಆಗುತ್ತದೆ. ಗಂಡುಮಗುವಿಗೂ ಸೂಜಿ ಹಿಡಿಯಲು ಕಲಿಸಿರಿ; ಮುಂದೆ ಪರಸ್ಥಳದಲ್ಲಿ ಒಂಟಿಯಾಗಿ ಕೋಣೆ ಮಾಡಿದಾಗ ಗುಂಡಿ ಹಚ್ಚಿಕೊಳ್ಳುವುದಾದರೂ ಬಂದೀತು.

ದೀಪಾವಳಿ ಬಂದರೆ ಇಲ್ಲಿಯ ಹುಡುಗರು ಅಂಗಳದಲ್ಲಿ ಕಲ್ಲು, ಮಣ್ಣು, ಗೋಣಿತಟ್ಟಿನಿಂದ ಕೋಟೆ ಕಟ್ಟುತ್ತಾರೆ. ಇಳಿಜಾರಿನಲ್ಲಿ ಸಾಸಿವೆ ಚೆಲ್ಲಿ ಹಸಿರು ಮೂಡಿಸುತ್ತಾರೆ. ನಮ್ಮ ಮಕ್ಕಳು ಅದಕ್ಕೆ ಕೈಗೂಡಿಸಲಿ. ಮಹಾರಾಷ್ಟ್ರದ ಅತಿ ಎತ್ತರದ ಕೋಟೆ ಸಾಲ್ಹೇರ, 1,567 ಮೀಟರು, ನಾವು ವಾಸಿಸುವ ಈ ಬಾಗಲಾಣ ತಾಲೂಕಿನಲ್ಲಿಯೇ ಇದೆ. 1672ರಲ್ಲಿ ಮರಾಠರು ಅಲ್ಲಿ ಮೊಗಲ ಸೈನ್ಯವನ್ನು ಬಯಲಿನಲ್ಲಿಯೇ ಗೆದ್ದರು. 2025ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹನ್ನೆರಡು ಕೋಟೆಗಳಲ್ಲಿ ಅದೂ ಒಂದು. ಇಷ್ಟು ತಿಳಿದು ಕಟ್ಟಿದರೆ ಆಟದ ಕೋಟೆಗೆ ಬೇರೆಯೇ ಕಳೆ ಬರುತ್ತದೆ. ಅದರ ಬದಿಯಲ್ಲೇ ಬಲಿಪಾಡ್ಯದ ಬೆಳಿಗ್ಗೆ ನಮ್ಮ ಊರ ಪದ್ಧತಿಯಂತೆ ಸಗಣಿಯ ಪಾಂಡವರನ್ನು ಕೂರಿಸಿರಿ. ನೆರೆಯ ಹುಡುಗರು ‘ಇವರು ಯಾರು?’ ಎಂದು ಕೇಳಿಯೇ ಕೇಳುತ್ತಾರೆ. ಆಗ ನಮ್ಮ ಮಗು ತಾನು ಕನ್ನಡದಲ್ಲಿ ಕೇಳಿದ ಕಥೆಯನ್ನು ಅವರಿಗೆ ಮರಾಠಿಯಲ್ಲಿ ಹೇಳಬೇಕಾಗುತ್ತದೆ. ಕಥೆ ಹೇಳುವ ಹೊಣೆ ಮಗುವಿನ ಮೇಲೆ ಬಿದ್ದರೆ, ಹಿಂದಿನ ರಾತ್ರಿ ಕಥೆ ಹೇಳುವ ಹೊಣೆ ಅಪ್ಪನ ಮೇಲೆ!

ಹಬ್ಬವಿಲ್ಲದ ದಿನಕ್ಕೂ ಕೆಲಸ ಉಂಟು. ಪುಣೆಯ ಟ್ರಕ್ ಕಾರಖಾನೆಯಲ್ಲಿ ಎಂಜಿನಿಯರ್ ಆಗಿದ್ದ ಅರವಿಂದ ಗುಪ್ತಾ ಎಂಬವರು 1978ರಲ್ಲಿ ಹೋಶಂಗಾಬಾದದ ಹಳ್ಳಿಶಾಲೆಗಳ ವಿಜ್ಞಾನದ ಕೆಲಸಕ್ಕೆ ಹೋದರು. ಅಲ್ಲಿ ಸೈಕಲ್ಲಿನ ವಾಲ್‌ಟ್ಯೂಬಿನ ಚೂರು ಮತ್ತು ಕಡ್ಡಿಪೆಟ್ಟಿಗೆಯ ಕಡ್ಡಿಗಳಿಂದ ಆಟಿಕೆ ಮಾಡಿದರು. ಇಂಥ ಕೆಲಸಕ್ಕಾಗಿ 2018ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಕಡ್ಡಿಯ ಮದ್ದನ್ನು ದೊಡ್ಡವರು ಕೆರೆದು ತೆಗೆದು ಕೊಡಬೇಕು. ಮೂರು ಕಡ್ಡಿಗಳ ತುದಿಗಳನ್ನು ಟ್ಯೂಬಿನ ಚೂರುಗಳಿಂದ ಸೇರಿಸಿದರೆ ತ್ರಿಕೋನ. ಅದನ್ನು ಒತ್ತಿದರೆ ಅಲುಗದು. ನಾಲ್ಕು ಕಡ್ಡಿಯ ಚೌಕ ಒತ್ತಿದೊಡನೆ ವಾಲುತ್ತದೆ. ನಮ್ಮ ಮಿಲ್ಲಿನ ತಗಡಿನ ಛಾವಣಿಯ ಕೆಳಗಿನ ಕಬ್ಬಿಣದ ಕಟ್ಟೆಲ್ಲ ತ್ರಿಕೋನ ತ್ರಿಕೋನವಾಗಿ ಇರುವುದೇಕೆ ಎಂಬುದು ಎಂಟು ವರ್ಷದ ಮಗುವಿಗೆ ಅಲ್ಲಿಯೇ ಹೊಳೆಯುತ್ತದೆ. ‘ಅಪ್ಪ ಕೆಲಸ ಮಾಡುವ ಜಾಗ’ ಎಂಬುದು ಆಗ ಬರೀ ಭೋಂಗಾದ ಸದ್ದಾಗಿ ಉಳಿಯುವುದಿಲ್ಲ.

ಮಕ್ಕಳ ಶಿಕ್ಷಣವೆಂದರೆ ಹಣವಂತರ ಸಾಮಾನು ಎಂದು ತಿಳಿಯಬೇಡಿರಿ. ತಾರಾಬಾಯಿ ಮೋಡಕರು 1945ರಲ್ಲಿ ಕಡಲದಂಡೆಯ ಬೋರ್ಡಿಯಲ್ಲಿ, 1957ರಿಂದ ಕೋಸಬಾಡದಲ್ಲಿ, ಅನುತಾಯಿ ವಾಘರೊಡನೆ ಬಡ ಆದಿವಾಸಿ ಮಕ್ಕಳಿಗಾಗಿ ಬಾಲವಾಡಿ ನಡೆಸಿದರು. ಅಲ್ಲಿ ಕಲಿಸಲು ಬಳಸಿದ್ದು ಎಲೆ, ಬೀಜ, ಚಿಪ್ಪು, ಕಲ್ಲು. ಇವೆಲ್ಲ ಸುತ್ತಲೇ ಬಿದ್ದಿರುವ ಪದಾರ್ಥಗಳು.

ಕೆಲವರು ಕೇಳಬಹುದು: ಹತ್ತು ಗಂಟೆ ದುಡಿದು ಬಂದವನಿಗೆ ಇದಕ್ಕೆಲ್ಲ ಹೊತ್ತು ಎಲ್ಲಿ? ನಿಜ. ಆದುದರಿಂದ ದಿನವೂ ಎಂದು ನಾವು ಹೇಳುವುದಿಲ್ಲ. ವಾರದ ರಜೆಯ ದಿನ ಅರ್ಧ ಗಂಟೆ ಸಾಕು. ಆ ಅರ್ಧ ಗಂಟೆ ಮೊಬೈಲು ಮಾಡದ ಮೇಲೆ ಇರಲಿ, ನಿಮ್ಮದೂ ಮಗುವಿನದೂ. ಇನ್ನು ಕೆಲವರು, ಇದರಿಂದ ಓದು ಕೆಡುವುದೆಂದು ಹೆದರುತ್ತಾರೆ. ಮಣ್ಣು ಅಳೆದ ಮಗು ಲೆಕ್ಕವನ್ನೂ ಅಳೆಯುತ್ತದೆ, ಹೆದರಬೇಡಿರಿ. ಒಂದೇ ಎಚ್ಚರ: ಮಗು ಮಾಡಿದ ಎತ್ತು ನಾಯಿಯಂತೆ ಕಂಡರೂ ಅದನ್ನು ಕಿತ್ತುಕೊಂಡು ನೀವೇ ತಿದ್ದಬೇಡಿರಿ. ಅಂಗಡಿಯ ಎತ್ತು ಚೆಂದವಿರಬಹುದು. ಆದರೆ ಈ ಎತ್ತಿನ ಬೆನ್ನಿನ ಮೇಲೆ ನಿಮ್ಮ ಮಗುವಿನ ಬೆರಳಿನ ಗುರುತು ಇದೆ. ಊರಿಗೆ ಹೋಗುವಾಗ ಅದನ್ನು ಅರಿವೆಯಲ್ಲಿ ಸುತ್ತಿ ಒಯ್ದು ಅಜ್ಜಿಯ ಕೈಗೆ ಕೊಡಿಸಿರಿ. ‘ಇದರ ಹಿಣಿಲು ನಾನೇ ಮಾಡೀನಿ ಅಜ್ಜಿ’ ಎಂಬ ಒಂದು ಮಾತು ಆ ಹುಡುಗನ ಬಾಯಿಂದ ಬಂದರೆ, ಅಜ್ಜಿಗೆ ಕೇಳಲು ಮತ್ತೆ ನೂರು ಪ್ರಶ್ನೆ ಸಿಕ್ಕುತ್ತವೆ.

ಬರಿಯ ಮಾತಿನಿಂದ ಮಣ್ಣು ನಾದಿದಂತಾಗಲಿಲ್ಲ. ಬರುವ ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ಭಾನುವಾರ ಬೆಳಿಗ್ಗೆ ವಾಚನಾಲಯದ ಅಂಗಳದಲ್ಲಿ ನೆನೆಸಿದ ಮಣ್ಣು ಸಿದ್ಧವಿರುತ್ತದೆ; ಆ ಕೆಲಸ ನಮ್ಮದು. ನೀವು ಮಕ್ಕಳನ್ನೂ ಒಂದು ಹಳೆಯ ಅರಿವೆಯನ್ನೂ ತನ್ನಿರಿ. ಓಣಿಯ ಮರಾಠಿ ಮಕ್ಕಳು ಬಂದರೆ ಅವರಿಗೂ ಜಾಗ ಉಂಟು. ರಾತ್ರಿಪಾಳಿ ಮುಗಿಸಿ ಬಂದ ಅಪ್ಪಂದಿರು ಅಲ್ಲಿಯೇ ಗೋಡೆಗೆ ಒರಗಿ ಒಂದು ನಿದ್ದೆ ತೆಗೆದರೂ ನಾವು ಬೇಸರಿಸುವುದಿಲ್ಲ. ಒಂದು ಎತ್ತಾದ ಮೇಲೆ ಮಲಗಬೇಕು, ಅಷ್ಟೆ.