ಭೀಮೆಯ ದಂಡೆಯ ಸನ್ನತಿ



ಆಳಂದ ತಾಲ್ಲೂಕಿನ ಖಜೂರಿ ಕಡೆಯವರಿಗೆ ಭೀಮೆ ದೂರದ ನದಿಯಲ್ಲ. ಅದೇ ತಾಲ್ಲೂಕಿನಲ್ಲಿ ಹುಟ್ಟುವ ಅಮರ್ಜಾ ಹೊಳೆ ಗಾಣಗಾಪುರದ ಸಂಗಮದಲ್ಲಿ ಭೀಮೆಯನ್ನು ಸೇರುತ್ತದೆ. ಆ ನೀರು ಅಫಜಲಪುರ, ಜೇವರ್ಗಿ ಸೀಮೆ ದಾಟಿ ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ಬರುತ್ತದೆ. ಸಂಗಮಕ್ಕೆ ಹೋಗದವರು ನಮ್ಮಲ್ಲಿ ಕಡಿಮೆ. ಸನ್ನತಿಗೂ ಜನ ಹೋಗುತ್ತಾರೆ. ಆದರೆ ಚಂದ್ರಲಾ ಪರಮೇಶ್ವರಿಯ ದರ್ಶನ ಮಾಡಿ, ಬುತ್ತಿ ಬಿಚ್ಚಿ ಉಂಡು, ಹಾಗೆಯೇ ಊರ ದಾರಿ ಹಿಡಿಯುತ್ತಾರೆ. ಅವರು ನೋಡದೆ ಬಿಟ್ಟು ಬರುವುದು ಎರಡು ಸಾವಿರ ವರ್ಷಕ್ಕೂ ಹಳೆಯ ಒಂದು ಪಟ್ಟಣವನ್ನು.

1986ರಲ್ಲಿ ಚಂದ್ರಲಾ ಪರಮೇಶ್ವರಿಯ ಗುಡಿ ಆವರಣದ ಕಾಳಿಕಾ ದೇಗುಲದ ಮಾಳಿಗೆ ಕುಸಿದು ಮೂರ್ತಿ ಭಗ್ನವಾಯಿತು. ಮೂರ್ತಿಯ ಪೀಠವಾಗಿದ್ದ ಕಲ್ಲನ್ನು ಹೊರತೆಗೆದು ನೋಡಿದರೆ, ಅದರ ಎರಡೂ ಮಗ್ಗುಲಲ್ಲಿ ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ. ಅದು ಅಶೋಕನ ಶಾಸನ! ಮೂರ್ತಿ ನಿಲ್ಲಿಸಲು ಎಂದೋ ಯಾರೋ ನಡುವೆ ಚೌಕನೆಯ ತೂತು ಕೊರೆದಿದ್ದರಿಂದ ಒಂದಷ್ಟು ಅಕ್ಷರಗಳು ಹೋಗಿಬಿಟ್ಟಿವೆ. ಪರರ ಧರ್ಮವನ್ನೂ ಗೌರವಿಸಿರಿ ಎನ್ನುವ ಅಶೋಕನ ಹನ್ನೆರಡನೆಯ ಶಿಲಾಶಾಸನ ಅದರಲ್ಲಿದೆ. ಪ್ರಜೆಗಳೆಲ್ಲ ನನ್ನ ಮಕ್ಕಳು ಎಂದು ಅಶೋಕ ಹೇಳಿಕೊಂಡ ಕಳಿಂಗದ ಪ್ರತ್ಯೇಕ ಶಾಸನಗಳೂ ಇವೆ. ಒಡಿಶಾದ ಧೌಲಿ, ಜೌಗಡಗಳಲ್ಲಿ ಮಾತ್ರ ಸಿಕ್ಕಿದ್ದ ಆ ಮಾತುಗಳು ನಮ್ಮ ಭೀಮೆಯ ದಂಡೆಯಲ್ಲೂ ಸಿಕ್ಕವು.

ಗುಡಿಯಿಂದ ಎರಡು ಮೂರು ಕಿಲೋಮೀಟರ್ ಆಚೆ ಕನಗನಹಳ್ಳಿ. ಅಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ 1990ರ ದಶಕದಲ್ಲಿ ಅಗೆದಾಗ ದೊಡ್ಡ ಬೌದ್ಧ ಸ್ತೂಪವೊಂದು ಹೊರಬಂತು. ಶಾಸನಗಳಲ್ಲಿ ಅದರ ಹೆಸರು ಅಧೋಲೋಕ ಮಹಾಚೈತ್ಯ. ನಮ್ಮ ಮನೆಗಳಿಗೆ ಹಾಸುವ ಶಹಾಬಾದ್ ಫರಸಿಯ ಜಾತಿಯದೇ ಸುಣ್ಣದಕಲ್ಲಿನಲ್ಲಿ ಬುದ್ಧನ ಕಥೆ, ಜಾತಕ ಕಥೆ, ಶಾತವಾಹನ ಅರಸರನ್ನು ಕೆತ್ತಿದ್ದಾರೆ. ಅವುಗಳಲ್ಲಿ ಒಂದು ಫಲಕದ ಮುಂದೆ ನೀವು ನಿಂತು ನೋಡಲೇಬೇಕು. ಅರಸ ನಿಂತಿದ್ದಾನೆ, ಪಕ್ಕದಲ್ಲಿ ರಾಣಿ, ಕೊಡೆ, ಚಾಮರ ಹಿಡಿದ ಪರಿಚಾರಿಕೆಯರು. ಮೇಲೆ ಬ್ರಾಹ್ಮಿಯಲ್ಲಿ ಎರಡೇ ಪದ: ‘ರಾಯೋ ಅಸೋಕೋ’. ಅಶೋಕ ತೀರಿಕೊಂಡು ತಲೆಮಾರುಗಳು ಉರುಳಿದ ಮೇಲೆ ಕೆತ್ತಿದ್ದು. ಹಾಗಾಗಿ ಅವನ ಮುಖ ಹೀಗೇ ಇತ್ತು ಎನ್ನಲಾಗದು. ಆದರೂ ಹೆಸರು ಬರೆದಿಟ್ಟ ಅವನ ಇಂಥ ಶಿಲ್ಪ ಬೇರೆಲ್ಲೂ ಇಷ್ಟು ಸ್ಪಷ್ಟವಾಗಿ ದೊರೆತಿಲ್ಲ. ಇದಕ್ಕೂ ಬಹಳ ಮುಂಚೆ, 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆ ಶಾಸನಗಳಲ್ಲಿ ಬರುವ ‘ದೇವಾನಾಂಪ್ರಿಯ’ ಎಂದರೆ ಅಶೋಕನೇ ಎಂದು ತಿಳಿಸಿತು. ಹೆಸರು ಸಿಕ್ಕಿದ್ದೂ ರೂಪ ಸಿಕ್ಕಿದ್ದೂ ಕಲ್ಯಾಣ ಕರ್ನಾಟಕದಲ್ಲೇ ಎಂಬುದು ನಮಗೆ ಹೆಮ್ಮೆಯ ಸಂಗತಿ.

ಸನ್ನತಿಯಲ್ಲಿ ಭೀಮೆಯ ದಂಡೆಯಲ್ಲೇ ರಣಮಂಡಲವಿದೆ: ಸುಮಾರು 210 ಎಕರೆಯ ಕೋಟೆ ಪಟ್ಟಣದ ನೆಲ. ಅದರ ಬಹುಭಾಗ ಇನ್ನೂ ಮಣ್ಣಿನಡಿಯಲ್ಲೇ ಇದೆ.

ರೈಲಿನಲ್ಲಿ ಬರುವವರು ನಾಲವಾರದಲ್ಲಿ ಇಳಿದರೆ ಸನ್ನತಿ ಸುಮಾರು 20 ಕಿಲೋಮೀಟರ್. ಖಜೂರಿಯವರು ಆಳಂದ, ಕಲಬುರಗಿ ಮಾರ್ಗವಾಗಿ ಬರಬಹುದು. ಬೇಸಿಗೆ ಬೇಡ, ಚಳಿಗಾಲ ಒಳ್ಳೆಯದು. ದೇವಿಯ ದರ್ಶನ ಮುಗಿದೊಡನೆ ಹಿಂದಿರುಗಬೇಡಿ. ಮಕ್ಕಳನ್ನು ಕರೆದುಕೊಂಡು ಕನಗನಹಳ್ಳಿಗೂ ಹೋಗಿ. ಕೆತ್ತನೆಗಳ ಮೇಲೆ ಕೈಯಾಡಿಸದೆ, ಹತ್ತಿರ ನಿಂತು ನಿಧಾನವಾಗಿ ನೋಡಿ ಬನ್ನಿ.